ಈಗೇನು ಓದ್ತಾ ಇದ್ದೀರಿ ಅಂತ ಯಾರಾದರೂ ಕೇಳಿದರೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಓದುವವರಿಗೆ ಬರಗಾಲ ಇಲ್ಲ. ಶಿರಸಿ ಕಡೆಯ ಮನೆಗಳಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೂ ಕಿಟಕಿ ಹತ್ತಿರ ಕೂತು ಕಾದಂಬರಿ ಮುಗಿಸುವ ಅತ್ತೆಯಂದಿರಿದ್ದಾರೆ. ಅಂಕೋಲಾದಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೋಗುತ್ತಾ ಮೊಬೈಲಿನಲ್ಲೇ ಕಥೆ ಓದುವ ಕಾಲೇಜು ಮಕ್ಕಳಿದ್ದಾರೆ. ಆದರೆ ‘ಪುಸ್ತಕ ಹೇಗಿದೆ?’ ಅಂತ ಕೇಳಿ ನೋಡಿ. ‘ಚೆನ್ನಾಗಿದೆ’ ಅಂತಾರೆ, ಮಾತು ಅಲ್ಲಿಗೇ ಮುಗೀತು. ಕೇಳಿದವರಿಗೆ ಏನೂ ಸಿಗಲಿಲ್ಲ, ಅಲ್ವಾ? ಓದುತ್ತಿರುವ ಪುಸ್ತಕದ ಬಗ್ಗೆ ನಾಲ್ಕು ಜನರ ನಡುವೆ ಹೇಗೆ ಮಾತಾಡಬಹುದು, ಅದಕ್ಕೆ ಊರಲ್ಲೇ ಒಂದು ಸಣ್ಣ ಕೂಟ ಹೇಗೆ ಮಾಡಿಕೊಳ್ಳಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಇದೇ ಜನ ಯಕ್ಷಗಾನ ನೋಡಿ ಬಂದ ಮರುದಿನ ಹೇಗೆ ಮಾತಾಡುತ್ತಾರೆ ಗಮನಿಸಿ. ಭಾಗವತರು ಯಾವ ಪದ್ಯ ಎಳೆದರು, ಯಾವ ವೇಷದ ಪ್ರವೇಶ ಕಳೆಕಟ್ಟಿತು, ಯಾರ ಮಾತು ಎಲ್ಲಿ ಸಪ್ಪೆಯಾಯಿತು, ಬೆಳಗಿನ ಜಾವದ ಪ್ರಸಂಗಕ್ಕೆ ಯಾಕೆ ಜನ ಎದ್ದು ಹೋದರು, ಒಂದೊಂದನ್ನೂ ಬಿಡಿಸಿ ಹೇಳುತ್ತಾರೆ. ಪುಸ್ತಕದ ಬಗ್ಗೆಯೂ ಹಾಗೇ ಹೇಳಿದರೆ ಸಾಕು. ಒಂದು ಜಾಗ ಹಿಡಿದು ಹೇಳಿ. ಇಡೀ ಪುಸ್ತಕದ ತೂಕ ನೀವೇ ಹೊರಬೇಕಾಗಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಗೆದುಕೊಳ್ಳಿ. ಲೇಖಕರು ಅಂಕೋಲಾದವರು, ಕಥೆ ನಡೆಯುವುದು ಬೆಂಗಳೂರಿನಲ್ಲಿ, ಬಂದಿದ್ದು 2013ರಲ್ಲಿ. ‘ಹಣ ಬಂದ ಮೇಲೆ ಕುಟುಂಬ ಹೇಗೆ ಕೆಡುತ್ತದೆ ಅಂತ ತೋರಿಸಿದ್ದಾರೆ’ ಅಂದರೆ ಅದು ಬೇರೆ ಹತ್ತು ಪುಸ್ತಕಕ್ಕೂ ಒಪ್ಪುವ ಮಾತು. ‘ಹಳೇ ಮನೆಯಲ್ಲಿ ಇರುವೆ ಕಾಟ ಇದೆಯಲ್ಲ, ಮನೆಯವರು ಅವನ್ನು ಕೊಲ್ಲುವ ರೀತಿ ಓದುವಾಗ ನನಗೆ ಈ ಜನರ ಬಗ್ಗೆ ಮೊದಲ ಸಲ ಹೆದರಿಕೆ ಆಯಿತು’ ಅನ್ನಿ. ಕೇಳುತ್ತಿದ್ದವರು ತಕ್ಷಣ ಬಾಯಿ ಬಿಡುತ್ತಾರೆ. ಒಬ್ಬರು ‘ಇರುವೆ ಕೊಲ್ಲದ ಮನೆ ಯಾವುದು?’ ಅಂತಾರೆ, ಇನ್ನೊಬ್ಬರು ಆ ಮನೆಯ ಹೆಂಗಸರ ಪರ ವಹಿಸುತ್ತಾರೆ. ಅಭಿಪ್ರಾಯ ಅಂದರೆ ಇಷ್ಟೇ. ಯಾವ ಜಾಗ, ಅಲ್ಲಿ ನಿಮಗೇನಾಯಿತು, ಯಾಕೆ ಹಾಗಾಯಿತು. ಓದುವಾಗಲೇ ಅಂಥ ಪುಟಕ್ಕೆ ಒಂದು ಚೀಟಿ ಇಟ್ಟುಕೊಂಡರೆ ಆಮೇಲೆ ಹುಡುಕುವ ಕಷ್ಟ ಇಲ್ಲ.

ಮುಗಿಸಿದ ಮೇಲೇ ಮಾತಾಡಬೇಕು ಅಂತ ಕಾಯಬೇಡಿ. ಅರ್ಧ ಓದಿದವರ ಮಾತಿಗೆ ಬೇರೆಯೇ ರುಚಿ ಇದೆ, ಯಾಕೆಂದರೆ ಮುಂದೇನಾಗುತ್ತದೆ ಅಂತ ಅವರಿಗೂ ಗೊತ್ತಿಲ್ಲ, ಅವರ ಅನುಮಾನಗಳೆಲ್ಲ ಇನ್ನೂ ಬಿಸಿಯಾಗಿವೆ. ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರ ‘ಶಿಕಾರಿ’ 1979ರದ್ದು. ಕಂಪನಿ ಕೆಲಸದಿಂದ ಅಮಾನತಾದ ನಾಗಪ್ಪ ಮುಂಬೈಯಲ್ಲಿ ತನ್ನ ಸುತ್ತ ಯಾರು ಬಲೆ ಹೆಣೆಯುತ್ತಿದ್ದಾರೆ ಅಂತ ಯೋಚಿಸುತ್ತಾ ಯೋಚಿಸುತ್ತಾ ಹೋಗುತ್ತಾನೆ. ಸುಲಭದ ಓದಲ್ಲ. ನಡುವೆ ಕೈಬಿಟ್ಟವರೂ ಕೂಟಕ್ಕೆ ಬರಲಿ, ಎಲ್ಲಿ ಬಿಟ್ಟೆವು, ಯಾಕೆ ಬಿಟ್ಟೆವು ಅಂತ ಹೇಳಲಿ. ಒಂದೇ ಒಂದು ಕಟ್ಟುಪಾಡು ಇರಲಿ: ಮಾತು ಶುರು ಮಾಡುವಾಗ ಎಲ್ಲಿಯವರೆಗೆ ಓದಿದ್ದೀರಿ ಅಂತ ಹೇಳಿಬಿಡಿ. ಮುಗಿಸಿದವರು ಆ ಪುಟದಿಂದ ಮುಂದಿನ ಗುಟ್ಟು ಬಿಡಬಾರದು.

ಇಷ್ಟವಾಗದ ಪುಸ್ತಕದ ವಿಷಯ ನಮ್ಮಲ್ಲಿ ಸ್ವಲ್ಪ ಕಷ್ಟ. ಮಾಸ್ತರು ಹೊಗಳಿದ ಪುಸ್ತಕವನ್ನು ಮಾಸ್ತರ ಎದುರೇ ಹೇಗೆ ಬೇಡ ಅನ್ನುವುದು? ಅನ್ನಬಹುದು. ‘ಮಾಸ್ತರೇ, ನೀವು ಹೇಳಿದಿರಿ ಅಂತ ಓದಿದೆ. ನನಗೆ ಹಿಡಿಸಲಿಲ್ಲ. ಮಧ್ಯದ ಭಾಗದಲ್ಲಿ ಹೇಳಿದ್ದನ್ನೇ ಹೇಳುತ್ತಾರೆ ಅನಿಸಿತು, ನಿಮಗೆ ಅಲ್ಲಿ ಏನು ಕಾಣಿಸಿತು ಹೇಳಿ’ ಅಂತ ಕೇಳಿದರೆ ಯಾವ ಮಾಸ್ತರೂ ಸಿಟ್ಟಾಗುವುದಿಲ್ಲ. ದೊಡ್ಡವರಿಗೂ ಒಂದು ಕೋರಿಕೆ ಇದೆ. ಚಿಕ್ಕವರು ಮೊದಲು ಮಾತಾಡಲಿ. ಅಕ್ಕೋರು, ಮಾಸ್ತರು ಮೊದಲೇ ತೀರ್ಪು ಕೊಟ್ಟುಬಿಟ್ಟರೆ ಕಾಲೇಜಿನ ಹುಡುಗ ಮನಸ್ಸಿನಲ್ಲಿದ್ದದ್ದನ್ನು ನುಂಗಿಕೊಂಡು ಮನೆಗೆ ಹೋಗುತ್ತಾನೆ.

ಭೈರಪ್ಪನವರ ಹೆಸರು ಬಂದರಂತೂ ಜಗಳದ ಬಾಗಿಲು ತೆರೆದೇ ಇರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಲೇಖಕರ ನಿಲುವಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡಬಹುದು, ಅಷ್ಟರಲ್ಲಿ ಪುಸ್ತಕ ಮೇಜಿನ ಮೇಲೆ ಮುಚ್ಚಿಕೊಂಡೇ ಇರುತ್ತದೆ. ಅದನ್ನು ತೆರೆಯಿರಿ. ‘ಪರ್ವ’ದಲ್ಲಿ ಮಹಾಭಾರತದ ಪವಾಡಗಳನ್ನೆಲ್ಲ ತೆಗೆದು ಬರೀ ಮನುಷ್ಯರನ್ನು ಇಟ್ಟಿದ್ದಾರೆ. ತಾಳಮದ್ದಳೆಯಲ್ಲಿ ಕರ್ಣನನ್ನೂ ಕೃಷ್ಣನನ್ನೂ ಕೇಳುತ್ತಾ ಬೆಳೆದವರಿಗೆ ಇಲ್ಲಿನ ಕುಂತಿಯನ್ನು ಓದಿ ಏನನಿಸಿತು? ಈ ಪ್ರಶ್ನೆ ನಮ್ಮ ಕಡೆ ಕೇಳಿದಷ್ಟು ಚೆನ್ನಾಗಿ ಬೇರೆಲ್ಲೂ ಕೇಳಲಾಗದು ಅಂತ ನಾನು ನಂಬಿದ್ದೇನೆ.

ಪ್ರಶಸ್ತಿ ಬಂದ ಪುಸ್ತಕಕ್ಕೂ ಇದೇ ಮಾತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು, ಅನುವಾದ ದೀಪಾ ಭಾಸ್ತಿಯವರದ್ದು. ಅದರಲ್ಲಿ ಇರುವುದು 12 ಕಥೆ. ‘ಬೂಕರ್ ಬಂದಿದೆಯಂತೆ, ಓದಬೇಕು’ ಅನ್ನುವುದು ಸುದ್ದಿ ಮಾತ್ರ. ಒಂದು ಕಥೆ ಆರಿಸಿಕೊಂಡು ಅದರ ಬಗ್ಗೆ ಮಾತ್ರ ಹೇಳಿ. ಕನ್ನಡದಲ್ಲಿ ಓದಿದಿರೋ ಇಂಗ್ಲಿಷಿನಲ್ಲೋ ಅಂತಲೂ ಹೇಳಿ. ಮನೆಯಲ್ಲಿ ಮಗಳು ಇಂಗ್ಲಿಷಿನಲ್ಲಿ, ಅಮ್ಮ ಕನ್ನಡದಲ್ಲಿ ಅದೇ ಕಥೆ ಓದಿದ್ದರೆ ಇಬ್ಬರನ್ನೂ ಕೂರಿಸಿ.

ಇನ್ನು ಕೆಲವು ಪುಸ್ತಕ ತೆಗೆದರೆ ಮಾತು ಪುಸ್ತಕದಿಂದ ಆಚೆ ಹೋಗಿಯೇ ಹೋಗುತ್ತದೆ. ನಾ. ಡಿಸೋಜ ಅವರ ‘ದ್ವೀಪ’ ಶರಾವತಿ ಮುಳುಗಡೆಯ ಕಾದಂಬರಿ. ಸುತ್ತಲೂ ನೀರು ಏರುತ್ತಿದೆ, ಒಂದು ಮನೆ ಮಾತ್ರ ಉಳಿದುಕೊಂಡಿದೆ. ಇದನ್ನು ಕಾರವಾರದಲ್ಲೋ ಜೋಯಿಡಾದಲ್ಲೋ ಓದಿದರೆ ಕದ್ರಾ ಅಣೆಕಟ್ಟು, ಸೂಪಾ ಅಣೆಕಟ್ಟು, ಸೀಬರ್ಡ್ ನೌಕಾನೆಲೆ ಅಂತ ಒಬ್ಬೊಬ್ಬರೂ ತಮ್ಮ ಮನೆ, ಗದ್ದೆ, ತೆಂಗಿನ ಮರ ನೆನಪು ಮಾಡಿಕೊಳ್ಳುತ್ತಾರೆ. ತಡೆಯಬೇಡಿ. ಕಾಳಿ ನದಿಯ ದಂಡೆ ಬಿಟ್ಟು ಬಂದ ಅಜ್ಜಿ ಮಾತಾಡುತ್ತಿರುವಾಗ ‘ವಿಷಯಕ್ಕೆ ಬನ್ನಿ’ ಅನ್ನುವುದು ದೊಡ್ಡ ತಪ್ಪು. ಅವರು ಹೇಳಿ ಮುಗಿಸಲಿ. ಆಮೇಲೆ ನಿಧಾನಕ್ಕೆ ಕೇಳಿ: ಅಜ್ಜಿ, ಇದರಲ್ಲಿ ಬರೆದದ್ದು ನಿಮ್ಮ ಕಡೆ ಆದ ಹಾಗೇ ಇದೆಯಾ? ಎಲ್ಲಿ ಬೇರೆ? ಆಗ ಸಿಗುವ ಉತ್ತರಕ್ಕಿಂತ ಒಳ್ಳೆಯ ವಿಮರ್ಶೆ ನನಗಂತೂ ಗೊತ್ತಿಲ್ಲ. ‘ದ್ವೀಪ’ ಸಿನಿಮಾ ಮಾತ್ರ ನೋಡಿದವರು ಅದನ್ನು ಮೊದಲೇ ಹೇಳಿಕೊಳ್ಳಲಿ, ಇಲ್ಲದಿದ್ದರೆ ಎರಡೂ ಬೆರೆತು ಹೋಗುತ್ತವೆ.

ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ವೂ ಹೀಗೆಯೇ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದ ಸಾರಸ್ವತರ ಕಥೆ, ಕುಮಟಾ–ಹೊನ್ನಾವರದ ಕೊಂಕಣಿ ಮನೆಗಳಲ್ಲಿ ಇದನ್ನು ತಮ್ಮದೇ ಕಥೆ ಅಂತ ಓದುವವರು ಸಿಗುತ್ತಾರೆ. ತಲೆಮಾರು ಜಾಸ್ತಿ, ಹೆಸರುಗಳೂ ಜಾಸ್ತಿ. ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದುಕೊಂಡು ಓದಿ.

ಈಗ ಕೂಟದ ವಿಷಯ. ಆರೆಂಟು ಜನ ಸಾಕು. ಯಾರದಾದರೂ ಮನೆಯ ಜಗಲಿ, ಇಲ್ಲವೇ ಪಂಚಾಯ್ತಿ ಗ್ರಂಥಾಲಯ. ತಿಂಗಳಿಗೊಂದು ಭಾನುವಾರ ಸಂಜೆ, ಕಷಾಯ ಅವಲಕ್ಕಿ ಇದ್ದರೆ ಸಾಕು, ಅದಕ್ಕಿಂತ ಜಾಸ್ತಿ ಮಾಡಿದರೆ ಮನೆಯ ಹೆಂಗಸರು ಅಡುಗೆಮನೆಯಲ್ಲೇ ಉಳಿಯುತ್ತಾರೆ, ಓದಿದವರು ಅವರೇ ಆಗಿರುತ್ತಾರೆ. ಎಲ್ಲರೂ ಒಂದೇ ಪುಸ್ತಕ ಓದಬೇಕು ಅಂತ ಹಟ ಬೇಡ, ಅಷ್ಟು ಪ್ರತಿ ಸಿಗುವುದೂ ಕಷ್ಟ. ಓದುವ ರೂಢಿ ಇಲ್ಲದವರು ಬಂದರೆ ದಿನಕರ ದೇಸಾಯಿಯವರ ಒಂದು ಚುಟುಕ ಗಟ್ಟಿಯಾಗಿ ಓದಲು ಕೊಡಿ. ನಾಲ್ಕೇ ಸಾಲು, ಆದರೆ ಅದರ ಮೇಲೂ ಅಭಿಪ್ರಾಯ ಇದ್ದೇ ಇರುತ್ತದೆ.

ಕಾಲ ನೋಡಿ ದಿನ ಇಟ್ಟುಕೊಳ್ಳಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಹೋಗುವುದಿಲ್ಲ, ಆಗ ಬಿಡುವು. ಘಟ್ಟದ ಮೇಲೆ ಅಡಿಕೆ ಕೊಯ್ಲು ಶುರುವಾದರೆ ಯಾರೂ ಸಿಗುವುದಿಲ್ಲ. ಆದರೆ ಅಡಿಕೆ ಸುಲಿಯಲು ಕೂತವರ ಕೈ ಮಾತ್ರ ಕೆಲಸದಲ್ಲಿರುತ್ತದೆ, ಕಿವಿ ಪುರುಸೊತ್ತಾಗಿರುತ್ತದೆ. ಒಬ್ಬರು ಒಂದು ಕಥೆ ಗಟ್ಟಿಯಾಗಿ ಓದಿ. ಇಲ್ಲವೇ ಮೊಬೈಲಿನಲ್ಲಿ ಕನ್ನಡ ಆಡಿಯೋ ಪುಸ್ತಕ ಹಾಕಿ.

ಕೂಟ ಮುಗಿದ ರಾತ್ರಿಯೇ ವಾಟ್ಸಾಪ್‌ನಲ್ಲಿ ಪುಸ್ತಕದ ಹೆಸರು, ಬರೆದವರು, ಪ್ರತಿ ಯಾರ ಹತ್ತಿರ ಇದೆ ಅಂತ ಹಾಕಿ. ಓದಿದವರ ಅಭಿಪ್ರಾಯ ಎರಡು ಸಾಲು ಸಾಕು. ಪುಸ್ತಕ ಕೈಯಿಂದ ಕೈಗೆ ಹೋಗುವಾಗ ಒಳಗೆ ಪೆನ್ಸಿಲ್‌ನಲ್ಲಿ ಹೆಸರು ಬರೆದಿರಲಿ, ಮಳೆಗಾಲವಾದರೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಕೊಡಿ.