ಕಾರ್ ಪಾಲಿಸಿಲಿ ತಪ್ಪಿದ್ರೆ, ಕ್ಯಾನ್ಸಲ್ ಮಾಡ್ದಾಗ ದುಡ್ಡು ಮುರ್ಕೊಂಡ್ರೆ ಏನ್ ಮಾಡ್ಬೇಕು

ಪಾಲಿಸಿ ಪಿಡಿಎಫ್ ವಾಟ್ಸಾಪ್‌ಗೆ ಬಂದಾಗ ನಮ್ ಕಡೆ ಬಹಳ ಜನ ಎಷ್ಟು ದುಡ್ಡು ಅಂತ ನೋಡಿ ಸುಮ್ನಾಗ್ತಾರೆ. ಹಂಗ್ ಮಾಡ್ಬೇಡ್ರಿ, ಅವತ್ತೇ ಆರ್‌ಸಿ ಪಕ್ಕದಲ್ಲಿಟ್ಕೊಂಡು ತಾಳೆ ನೋಡ್ರಿ. ಹೆಸರು, ಗಾಡಿ ನಂಬರ್ (ದಾವಣಗೆರೆದಾದ್ರೆ ಕೆಎ 17, ಚಿತ್ರದುರ್ಗದ್ದಾದ್ರೆ ಕೆಎ 16), ಗಾಡಿ ಯಾವ ವರ್ಷದ್ದು, ಪೆಟ್ರೋಲೋ ಡೀಸೆಲ್ಲೋ ಸಿಎನ್‌ಜಿನೋ, ಸಾಲ ಇದ್ರೆ ಬ್ಯಾಂಕ್ ಹೆಸರು, ನಾಮಿನಿ. ಎಂಜಿನ್ ನಂಬರ್, ಚಾಸಿ ನಂಬರ್ ಮಾತ್ರ ಬೆರಳಿಟ್ಟು ಒಂದೊಂದೇ ಅಕ್ಷರ ಓದ್ರಿ, ಯಾಕಂದ್ರೆ 8 ಇರೋ ಕಡೆ ಬಿ, ಸೊನ್ನೆ ಇರೋ ಕಡೆ ಡಿ ಹೊಡೆದಿರ್ತಾರೆ, ಸುಮ್ನೆ ಕಣ್ಣಾಡ್ಸಿದ್ರೆ ಗೊತ್ತಾಗಲ್ಲ, ಗಾಡಿ ಗುದ್ದಿ ಗ್ಯಾರೇಜ್ ಸೇರಿದ್ಮೇಲೆ ನಷ್ಟ ಲೆಕ್ಕ ಹಾಕೋಕೆ ಬರೋ ಸರ್ವೇಯರ್ ಕಣ್ಣಿಗೆ ಅದೇ ಬೀಳೋದು.

ಆಮೇಲೆ ಎನ್‌ಸಿಬಿ, ಅಂದ್ರೆ ನೋ ಕ್ಲೇಮ್ ಬೋನಸ್, ಕ್ಲೇಮ್ ಮಾಡ್ದೋರಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ. ಕ್ಲೇಮ್ ಮಾಡ್ದೆ ಇದ್ರೆ ವರ್ಷವರ್ಷ 20, 25, 35, 45, 50 ಪರ್ಸೆಂಟ್ ಅಂತ ಏರುತ್ತೆ, ಅದೂ ಓನ್ ಡ್ಯಾಮೇಜ್ ಪ್ರೀಮಿಯಂ, ಅಂದ್ರೆ ನಿಮ್ ಗಾಡಿಗೇ ಆಗೋ ನಷ್ಟಕ್ಕೆ ಅಂತ ಕಟ್ಟೋ ದುಡ್ಡಿನ ಮೇಲೆ ಮಾತ್ರ. ಕಡಿಮೆ ಹಾಕಿದ್ರೆ ನಿಮ್ ದುಡ್ಡು ಹೋಯ್ತು. ಹೋದ ವರ್ಷ ಕ್ಲೇಮ್ ಆಗಿದ್ರೂ ರೇಟ್ ಕಡಿಮೆ ತೋರ್ಸೋಕೆ ಏಜೆಂಟ್ ಎನ್‌ಸಿಬಿ ಹಾಕಿದ್ರೆ ಇನ್ನೂ ಅಪಾಯ, ಮುಂದೆ ಕ್ಲೇಮ್ ಟೈಮಲ್ಲಿ ಅದನ್ನೇ ಹಿಡ್ಕೊಂಡು ಕೊಕ್ಕೆ ಹಾಕ್ತಾರೆ. ನೀವೇ ಮುಂದಾಗಿ ಹೇಳಿ ವ್ಯತ್ಯಾಸ ಕಟ್ಟಿಬಿಡ್ರಿ.

ತಪ್ಪು ಸಿಕ್ತು ಅಂದ್ರೆ ಏಜೆಂಟ್‌ಗೆ ಫೋನ್ ಮಾಡಿ ಬಿಡೋದಲ್ಲ. "ಆಗುತ್ತೆ ಬಿಡ್ರಿ ಸಾರ್, ನಾನ್ ನೋಡ್ಕೊಂತೀನಿ" ಅಂತಾರೆ, ಆ ಮಾತಿಗೆ ದಾಖಲೆ ಇಲ್ಲ. ಕಂಪನಿ ಇಮೇಲ್‌ಗೇ ಬರೀರಿ, ಪಾಲಿಸಿ ನಂಬರ್, ಈಗ ಏನಿದೆ, ಏನ್ ಇರ್ಬೇಕು, ಜೊತೆಗೆ ಆರ್‌ಸಿ ಕಾಪಿ, ಎನ್‌ಸಿಬಿ ವಿಷ್ಯ ಆದ್ರೆ ಹಳೇ ಪಾಲಿಸಿ. ತಿದ್ದಿ ಕೊಡೋ ಕಾಗದಕ್ಕೆ ಎಂಡಾರ್ಸ್‌ಮೆಂಟ್ ಅಂತಾರೆ, ಅದು ಕೈಗೆ ಬರೋವರೆಗೂ ಕೆಲಸ ಮುಗಿದಿಲ್ಲ ಅಂತ್ಲೇ ತಿಳ್ಕೊಳ್ರಿ.

ಈಗ ಕ್ಯಾನ್ಸಲ್ ವಿಷ್ಯ. ಇಲ್ಲೇ ಜನ ಜಾಸ್ತಿ ಕಳ್ಕೊಳ್ಳೋದು. 2024ರ ಜೂನ್‌ನಲ್ಲಿ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ನೀವು ಯಾವಾಗ ಬೇಕಾದ್ರೂ ಕಾರಣ ಹೇಳ್ದೆ ಕ್ಯಾನ್ಸಲ್ ಮಾಡ್ಬೋದು, ಒಂದು ವರ್ಷದ್ದೋ ಅದಕ್ಕಿಂತ ಕಡಿಮೆದೋ ಪಾಲಿಸಿ ಆಗಿದ್ದು ಕ್ಲೇಮ್ ಏನೂ ಆಗಿಲ್ದಿದ್ರೆ ಉಳಿದ ಅವಧಿಗೆ ಎಷ್ಟಾಗುತ್ತೋ ಅಷ್ಟು ವಾಪಸ್ ಕೊಡ್ಬೇಕು. ಅಂದ್ರೆ ಓನ್ ಡ್ಯಾಮೇಜ್‌ಗೆ 9,000 ಕಟ್ಟಿ ನಾಲ್ಕು ತಿಂಗಳಿಗೆ ಕ್ಯಾನ್ಸಲ್ ಮಾಡಿದ್ರೆ 6,000 ಹತ್ರ ಬರ್ಬೇಕು. ಮಧ್ಯದಲ್ಲಿ ಬಿಟ್ರೆ ಜಾಸ್ತಿ ಮುರ್ಕೊಳ್ಳೋ ಹಳೇ ಶಾರ್ಟ್ ಪೀರಿಯಡ್ ಪಟ್ಟಿ ತೋರ್ಸಿ ಹಂಗ್ ಮಾಡಿದ್ರೆ, ಯಾವ ನಿಯಮದ ಮೇಲೆ ಮುರ್ಕೊಂಡ್ರಿ, ಲೆಕ್ಕ ಬಿಡಿಸಿ ಬರೆದು ಕೊಡ್ರಿ ಅಂತ ಕೇಳ್ರಿ. ಫೋನಲ್ಲಿ ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡೋರು ಬರವಣಿಗೆಲಿ ಹಂಗ್ ಮಾಡೋಕೆ ಯೋಚ್ನೆ ಮಾಡ್ತಾರೆ.

ಒಂದು ಎಚ್ಚರ ಮಾತ್ರ ಇರ್ಲಿ, ಥರ್ಡ್ ಪಾರ್ಟಿ, ಅಂದ್ರೆ ನಿಮ್ ಗಾಡಿಯಿಂದ ಬೇರೆಯೋರಿಗೆ ಆಗೋ ನಷ್ಟಕ್ಕೆ ಇರೋ ಇನ್ಶೂರೆನ್ಸ್, ಕಾನೂನು ಪ್ರಕಾರ ಕಡ್ಡಾಯ, ಅದಕ್ಕೇ ಗಾಡಿ ರೋಡಲ್ಲಿರೋವಾಗ ಬೇರೆ ಪಾಲಿಸಿ ಕೈಲಿಲ್ದೆ ಇದನ್ನ ತೆಗಿಸೋಕೆ ಹೋಗ್ಬೇಡ್ರಿ. ಒಂದೇ ಗಾಡಿಗೆ ಸಾಲ ಕೊಟ್ಟ ಬ್ಯಾಂಕ್‌ನೋರೊಂದು ನೀವೊಂದು ಪಾಲಿಸಿ ಮಾಡ್ಸಿ ಎರಡು ಆಗಿದ್ರೆ, ಕ್ಯಾನ್ಸಲ್ ಅರ್ಜಿ ಜೊತೆ ಉಳಿಸ್ಕೊಳ್ಳೋ ಪಾಲಿಸಿ ಕಾಪಿ ಹಾಕ್ರಿ.

ಇಷ್ಟಾದ್ರೂ ಸರಿ ಹೋಗ್ಲಿಲ್ಲ ಅಂದ್ರೆ ಕಂಪನಿ ದೂರು ವಿಭಾಗಕ್ಕೆ ಬರೀರಿ, ದೂರು ಬಗೆಹರಿಸೋಕೆ ಅವರಿಗೆ 14 ದಿನದ ಗಡುವು ಇದೆ. ಆಗ್ಲಿಲ್ವಾ, ಐಆರ್‌ಡಿಎಐನ ದೂರು ವೆಬ್‌ಸೈಟ್ ಬಿಮಾ ಭರೋಸಾದಲ್ಲಿ ಹಾಕ್ರಿ, ಇಲ್ಲ 155255ಗೆ ಫೋನ್ ಮಾಡ್ರಿ. ಬರೆದು ಒಂದು ತಿಂಗಳಾದ್ರೂ ಉತ್ತರ ಇಲ್ಲ, ಅಥ್ವಾ ಬಂದ ಉತ್ತರ ಸರಿ ಇಲ್ಲ ಅಂದ್ರೆ ಇನ್ಶೂರೆನ್ಸ್ ಜಗಳ ಬಗೆಹರಿಸೋ ಅಧಿಕಾರಿ, ಬೆಂಗಳೂರಲ್ಲಿರೋ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ರ ಹೋಗ್ರಿ. ಫೀಸ್ ಇಲ್ಲ, ವಕೀಲರು ಬೇಡ, ಆನ್‌ಲೈನಲ್ಲೇ ಹಾಕ್ಬೋದು, ಆದ್ರೆ ಕಂಪನಿ ಇಲ್ಲ ಅಂದ ಒಂದು ವರ್ಷದೊಳಗೆ ಹೋಗ್ಬೇಕು. ಗ್ರಾಹಕರ ಆಯೋಗ ದಾವಣಗೆರೆಲೂ ಇದೆ, ಚಿತ್ರದುರ್ಗದಲ್ಲೂ ಇದೆ, ಅಲ್ಲಿ ಎರಡು ವರ್ಷದ ಅವಕಾಶ. ಅಲ್ಲಿ ಕೇಸ್ ನಡೀತಿದ್ರೆ ಓಂಬುಡ್ಸ್‌ಮನ್ ತಗೊಳ್ಳಲ್ಲ, ಅದ್ಕೆ ಸಣ್ಣ ಮೊತ್ತ ಆದ್ರೆ ಮೊದ್ಲು ಓಂಬುಡ್ಸ್‌ಮನ್‌ಗೇ ಹೋಗ್ರಿ.