ಸೆಂಟ್ರಲ್ಲೋ ಜಂಕ್ಷನ್ನೋ: ಮಂಗಳೂರಿನ ರೈಲು ನಿಲ್ದಾಣಗಳ ಬಗ್ಗೆ ಹೊಸಬರಿಗೆ

ಮಂಗಳೂರಿಗೆ ಹೊಸದಾಗಿ ಬಂದು ನೆಲೆಸುವ ಕುಟುಂಬಗಳಿಗೆ ನಮ್ಮ ಸಂಘವು ಮೊದಲು ಹೇಳುವ ಮಾತೆಂದರೆ, ಟಿಕೆಟ್ಟಿನಲ್ಲಿರುವ ನಿಲ್ದಾಣದ ಹೆಸರನ್ನು ಪೂರ್ತಿಯಾಗಿ ಓದಿಕೊಳ್ಳಿ ಎಂಬುದು. ಹಂಪನಕಟ್ಟೆಯ ಸಮೀಪ ಇರುವುದು ಮಂಗಳೂರು ಸೆಂಟ್ರಲ್. ಪಡೀಲ್ ಕಡೆ ಇರುವುದು ಮಂಗಳೂರು ಜಂಕ್ಷನ್; ಹಿರಿಯರ ಬಾಯಲ್ಲಿ ಅದು ಇಂದಿಗೂ ಕಂಕನಾಡಿ ಸ್ಟೇಷನ್ನೇ. ಎರಡರ ನಡುವೆ ಐದಾರು ಕಿಲೋಮೀಟರ್ ದೂರವಿದೆ. ಬೆಳಗಾವಿ ಕಡೆಯ ಕುಟುಂಬವೊಂದು ಗಂಟುಮೂಟೆ, ಮಕ್ಕಳ ಸಮೇತ ಸೆಂಟ್ರಲ್‌ನ ಬಾಗಿಲಲ್ಲಿ ನಿಂತು, "ಅಣ್ಣಾರ, ಜಂಕ್ಷನ್ ಇದ ಅಲ್ಲೇನ್ರಿ?" ಎಂದು ನನ್ನನ್ನು ಕೇಳಿದ್ದು ಇನ್ನೂ ನೆನಪಿದೆ. ರಿಕ್ಷಾ ಪಂಪ್‌ವೆಲ್ ದಾಟುವಷ್ಟರಲ್ಲಿ ಅವರ ರೈಲು ಹೊರಟುಹೋಗಿತ್ತು.

ನಿಲ್ದಾಣಗಳು ಎರಡಾಗಿರುವುದಕ್ಕೆ ಕಾರಣ ಹಳಿಗಳ ಚರಿತ್ರೆಯಲ್ಲಿದೆ. ಈ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗ, ಮಲಬಾರ್ ಕರಾವಳಿಯಿಂದ ಬಂದ ಮಾರ್ಗದ ಕೊನೆಯ ನಿಲ್ದಾಣವಾಗಿ 1907ರಲ್ಲಿ ಸೆಂಟ್ರಲ್ ಆರಂಭವಾಯಿತು. ಹಳಿ ಅಲ್ಲಿಗೇ ಮುಗಿಯುತ್ತದೆ. ಜಂಕ್ಷನ್ ಕಡೆಯ ಮಿಕ್ಕ ಮಾರ್ಗಗಳು ಬಂದದ್ದು ಆಮೇಲೆ. ಹಾಸನದ ಘಟ್ಟಮಾರ್ಗ ಪೂರ್ಣಗೊಂಡದ್ದು 1979ರಲ್ಲಿ, ಅದು ಬ್ರಾಡ್‌ಗೇಜ್ (ಅಗಲ ಹಳಿ) ಆಗಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಕೊಂಕಣ ರೈಲು 1993ರಲ್ಲಿ ಉಡುಪಿಯವರೆಗೆ ಬಂದು, 1998ರಲ್ಲಿ ಮುಂಬೈಯನ್ನು ಮುಟ್ಟಿತು. ಮುಂಬೈ ಕಡೆಯಿಂದ ಕೇರಳಕ್ಕೆ ಹೋಗುವ ರೈಲು ಸೆಂಟ್ರಲ್‌ಗೆ ಬಂದರೆ ಎಂಜಿನ್ ಬದಲಿಸಿ ಬಂದ ದಾರಿಯಲ್ಲೇ ಹಿಂದಿರುಗಬೇಕಾಗುವುದರಿಂದ, ನೇತ್ರಾವತಿ, ಮಂಗಳಾ ಲಕ್ಷದ್ವೀಪದಂತಹ ರೈಲುಗಳು ಜಂಕ್ಷನ್‌ನಲ್ಲಿಯೇ ನಿಂತು ಮುಂದೆ ಸಾಗುತ್ತವೆ. ಮತ್ಸ್ಯಗಂಧಾ, ಮಲಬಾರ್, ಚೆನ್ನೈ ಮೈಲ್ ಹೊರಡುವುದು ಸೆಂಟ್ರಲ್‌ನಿಂದ. ಬೆಂಗಳೂರು–ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಮಾತ್ರ ಪಡೀಲ್‌ನ ಬೈಪಾಸ್ ಹಳಿಯಲ್ಲಿ ಹೊರಳಿ ಎರಡನ್ನೂ ಮುಟ್ಟದೆ ಹೋಗುವುದರಿಂದ, ಅದರಲ್ಲಿ ಬರುವವರು ಸುರತ್ಕಲ್‌ನಲ್ಲಿ ಇಳಿಯಬೇಕು.

ಪುತ್ತೂರು, ಬಿ.ಸಿ. ರೋಡ್ ಅಥವಾ ಕಾಸರಗೋಡಿನಲ್ಲಿ ಮನೆ ಮಾಡಿಕೊಂಡು ದಿನವೂ ಮಂಗಳೂರಿಗೆ ಬಂದುಹೋಗುವವರು ತಿಂಗಳ ಅಥವಾ ಮೂರು ತಿಂಗಳ ಪಾಸ್ ಮಾಡಿಸಿಕೊಳ್ಳುವುದು ಒಳ್ಳೆಯದು. ಬಸ್ಸಿಗಿಂತ ಖರ್ಚು ಬಹಳ ಕಡಿಮೆ. ಪಾಸ್ ಇದ್ದ ಮಾತ್ರಕ್ಕೆ ಕಾಯ್ದಿರಿಸಿದ ಬೋಗಿ ಹತ್ತುವಂತಿಲ್ಲ. ಗುರುತಿನ ಚೀಟಿಯೂ ಜೊತೆಗಿರಬೇಕು. ಪುತ್ತೂರಿನ ನಿಲ್ದಾಣ ಟಿಕೆಟ್ಟಿನಲ್ಲಿ 'ಕಬಕ ಪುತ್ತೂರು' ಎಂದೂ, ಬಿ.ಸಿ. ರೋಡಿನದು 'ಬಂಟ್ವಾಳ' ಎಂದೂ ಇರುತ್ತದೆ. ತತ್ಕಾಲ್ ಬುಕಿಂಗ್ ಎ.ಸಿ. ದರ್ಜೆಗೆ ಹಿಂದಿನ ದಿನ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ.

ಮಂಗಳೂರಿನ ಎರಡೂ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದವು, ಪುತ್ತೂರಿನ ಕಡೆಯದು ಮೈಸೂರು ವಿಭಾಗದ್ದು, ಸುರತ್ಕಲ್ ಮತ್ತು ಉಡುಪಿ ಕೊಂಕಣ ರೈಲ್ವೆಯವು. ವಸ್ತು ಕಳೆದುಹೋದಾಗ ಯಾರನ್ನು ಕೇಳಬೇಕೆಂದು ತಿಳಿಯದೆ ಅಲೆಯುವ ಬದಲು ಎಲ್ಲಕ್ಕೂ ಸಾಮಾನ್ಯವಾದ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ.

ಉಡುಪಿಯ ನಿಲ್ದಾಣ ಇರುವುದು ಪೇಟೆಯಲ್ಲಲ್ಲ, ಇಂದ್ರಾಳಿಯಲ್ಲಿ. ರಾತ್ರಿ ಇಳಿಯುವವರು ರಿಕ್ಷಾದ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಿರಿ. ಜೂನ್‌ನಲ್ಲಿ ಕೊಂಕಣ ಮಾರ್ಗಕ್ಕೆ ಮಳೆಗಾಲದ ಪ್ರತ್ಯೇಕ ವೇಳಾಪಟ್ಟಿ ಬರುತ್ತದೆ, ರೈಲುಗಳ ವೇಗವನ್ನೂ ತಗ್ಗಿಸಲಾಗುತ್ತದೆ. ಆ ತಿಂಗಳುಗಳಲ್ಲಿ, ಮನೆ ಬಿಡುವ ಮುನ್ನ ಸಮಯವನ್ನು ಇನ್ನೊಮ್ಮೆ ನೋಡಿಕೊಳ್ಳಿರಿ.