ಒಂದೊಂದು ಅಂಕಿಗೂ ಒಂದೊಂದು ಹುಡುಕಾಟ: ಆರೋಗ್ಯ ಅರ್ಥಶಾಸ್ತ್ರದ ಮಾದರಿಗೆ ಆಧಾರ ಕಲೆಹಾಕುವ ಕ್ರಮ

ಮಧ್ಯಮ ಪ್ರಮಾಣದ ರಕ್ತಹೀನತೆ ಇರುವ ಗರ್ಭಿಣಿಯರಿಗೆ ಐರನ್ ಮಾತ್ರೆಯನ್ನೇ ಮುಂದುವರಿಸಬೇಕೋ, ರಕ್ತನಾಳದ ಮೂಲಕ ಒಂದೇ ಸಲಕ್ಕೆ ಐರನ್ ಕೊಡುವುದು ಲೇಸೋ ಎಂಬ ಪ್ರಶ್ನೆಗೆ ಕಲಬುರಗಿ ಅಥವಾ ಯಾದಗಿರಿ ಜಿಲ್ಲೆಯ ಮಟ್ಟಿಗೆ ಉತ್ತರ ಬೇಕಾಗಿದೆ ಎಂದುಕೊಳ್ಳೋಣ. ಯಾವ ಒಂದು ಅಧ್ಯಯನವೂ ಇದಕ್ಕೆ ಪೂರ್ತಿ ಉತ್ತರ ಕೊಡುವುದಿಲ್ಲ. ಔಷಧ ಎಷ್ಟು ಕೆಲಸ ಮಾಡುತ್ತದೆ, ಇಲ್ಲಿ ಎಷ್ಟು ಮಂದಿಗೆ ಅದರ ಅಗತ್ಯವಿದೆ, ಸರ್ಕಾರಕ್ಕೂ ಮನೆಯವರಿಗೂ ಎಷ್ಟು ಖರ್ಚಾಗುತ್ತದೆ, ತಾಯಿಯ ಬದುಕು ಎಷ್ಟು ಹಸನಾಗುತ್ತದೆ ಎಂಬುದನ್ನೆಲ್ಲ ಒಂದೆಡೆ ಹೆಣೆದು ಲೆಕ್ಕ ಹಾಕುವುದೇ ಮಾದರಿಯ ಕೆಲಸ. ಆ ಮಾದರಿಗೆ ಬೇಕಾದ ಅಂಕಿಗಳನ್ನು ಎಲ್ಲಿ, ಹೇಗೆ ಹುಡುಕಬೇಕು ಎಂಬುದನ್ನು ಈ ಭಾಗದ ಸಮುದಾಯ ವೈದ್ಯಶಾಸ್ತ್ರದ ವಿದ್ಯಾರ್ಥಿಗಳನ್ನೂ ಜಿಲ್ಲಾ ಕಾರ್ಯಕ್ರಮಗಳ ಸಿಬ್ಬಂದಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಮಾದರಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಗರ್ಭಿಣಿ ಯಾವ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರುತ್ತಾಳೆ, ಅಲ್ಲಿಂದ ಯಾವ ಯಾವ ಸ್ಥಿತಿಗೆ ಹೋಗಬಹುದು ಎಂದು ಬಾಣದ ಗುರುತು ಹಾಕುತ್ತ ಹೋದರೆ ಪ್ರತಿ ಬಾಣಕ್ಕೂ ಒಂದು ಅಂಕಿ ಬೇಕೆಂಬುದು ಕಾಣುತ್ತದೆ. ಪ್ರತಿ ಅಂಕಿಗೂ ಬೇರೆಯೇ ಪ್ರಶ್ನೆ, ಬೇರೆಯೇ ಮೂಲ, ಬೇರೆಯೇ ಹುಡುಕಾಟ. ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನೆಲ್ಲ ಕಲೆಹಾಕಿ ತೂಗುವ ವ್ಯವಸ್ಥಿತ ಪರಾಮರ್ಶೆಗೆ ಮಾಡುವಂತೆ ಒಂದೇ ದೊಡ್ಡ ಬಲೆ ಬೀಸಿ ಎಲ್ಲವನ್ನೂ ಹಿಡಿಯುತ್ತೇವೆಂದು ಹೊರಟವರು ಸಾವಿರಾರು ಶೀರ್ಷಿಕೆಗಳನ್ನು ಓದಿ ದಣಿಯುತ್ತಾರೆಯೇ ಹೊರತು ಖರ್ಚಿನ ಅಂಕಿ ಒಂದೂ ಕೈಗೆ ಸಿಗುವುದಿಲ್ಲ. ಹುಡುಕುತ್ತಿರುವಾಗಲೇ ಮಾದರಿಯ ಆಕಾರ ಬದಲಾಗುವುದೂ ಉಂಟು. ಅದರಿಂದ ಗಾಬರಿಯಾಗಬೇಕಿಲ್ಲ, ಚಿತ್ರ ತಿದ್ದಿ ಮತ್ತೆ ಹುಡುಕಿದರಾಯಿತು.

ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು, ಯಾವ ಅಂಕಿಯನ್ನು ಹೊರಗಿನಿಂದ ತರಬಹುದು, ಯಾವುದು ಇಲ್ಲಿಯದೇ ಆಗಬೇಕು ಎಂಬುದು. ಚಿಕಿತ್ಸೆಯ ಸಾಪೇಕ್ಷ ಪರಿಣಾಮ, ಅಂದರೆ ಒಂದು ಚಿಕಿತ್ಸೆ ಇನ್ನೊಂದಕ್ಕಿಂತ ಎಷ್ಟು ಪಟ್ಟು ಹೆಚ್ಚು ಫಲ ಕೊಡುತ್ತದೆ ಎಂಬುದು, ಸಾಮಾನ್ಯವಾಗಿ ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿ ಬರುತ್ತದೆ. ಆದರೆ ಚಿಕಿತ್ಸೆ ಇಲ್ಲದಿದ್ದರೆ ಅಪಾಯ ಎಷ್ಟಿತ್ತು ಎಂಬ ಮೂಲ ಪ್ರಮಾಣವಾಗಲಿ, ಖರ್ಚಾಗಲಿ ಹಾಗೆ ಬರುವುದಿಲ್ಲ. ಲಂಡನ್ನಿನ ಆಸ್ಪತ್ರೆಯ ಖರ್ಚನ್ನು ರೂಪಾಯಿಗೆ ಬದಲಿಸಿದ ಮಾತ್ರಕ್ಕೆ ಅದು ಸುರಪುರದ ಖರ್ಚಾಗುವುದಿಲ್ಲ.

ಪರಿಣಾಮದ ಅಂಕಿಗೆ ಕಾಕ್ರೇನ್ ಸಂಸ್ಥೆಯ ವ್ಯವಸ್ಥಿತ ಪರಾಮರ್ಶೆಗಳಿಂದ ಆರಂಭಿಸಿ, ಪರಾಮರ್ಶೆ ನಿಂತ ದಿನಾಂಕದಿಂದ ಮುಂದಕ್ಕೆ ವೈದ್ಯಕೀಯ ಪ್ರಬಂಧಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿ. ಆಮೇಲೆ 2007ರಲ್ಲಿ ಶುರುವಾದ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಜಾಲತಾಣವನ್ನು ನೋಡಿ. ನಮ್ಮ ಪ್ರಶ್ನೆಯನ್ನೇ ಹಿಡಿದು ಕರ್ನಾಟಕ ಮತ್ತು ರಾಜಸ್ಥಾನಗಳಲ್ಲಿ ನಡೆದ ರ‍್ಯಾಪಿಡ್‌ಐರನ್ ಎಂಬ ಪ್ರಯೋಗದ ವಿವರ ಅಲ್ಲಿ ಸಿಗುತ್ತದೆ. ಈ ಭಾಗ ಹೆಚ್ಚು ತೊಡಕಿನದಲ್ಲ, ಏಕೆಂದರೆ ಪ್ರಯೋಗಗಳನ್ನು ಹುಡುಕುವ ದಾರಿ ಚೆನ್ನಾಗಿ ಸವೆದಿದೆ.

ತೊಡಕಿರುವುದು ಇಲ್ಲಿಯ ಮೂಲ ಪ್ರಮಾಣವನ್ನು ಹುಡುಕುವಲ್ಲಿ, ಮತ್ತು ಅದರಲ್ಲಿ ಮೊದಲ ತೊಡಕು ಹೆಸರಿನದು. ಕಲಬುರಗಿ 2014ರ ನವೆಂಬರ್ 1ರವರೆಗೆ ಅಧಿಕೃತವಾಗಿ ಗುಲ್ಬರ್ಗಾ ಆಗಿತ್ತು. 2011ರ ಜನಗಣತಿಯಲ್ಲಿರುವುದೂ ಅದೇ ಹೆಸರು. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಕಲಬುರ್ಗಿ, ಕಲಬುರಗಿ, ಗುಲಬರ್ಗಾ ಎಂದು ಮೂರು ನಾಲ್ಕು ಕಾಗುಣಿತಗಳಿವೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅದಕ್ಕೂ ಹಿಂದಿನ ಶಹಾಪುರ, ಸುರಪುರಗಳ ಮಾಹಿತಿಯೆಲ್ಲ ಗುಲ್ಬರ್ಗಾದೊಳಗೇ ಸೇರಿದೆ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಈ ಎಲ್ಲ ಹೆಸರುಗಳನ್ನೂ ‘ಅಥವಾ’ ಎಂದು ಜೋಡಿಸಿ ಹುಡುಕದಿದ್ದರೆ ಅರ್ಧ ಸಾಹಿತ್ಯ ಕಣ್ಣಿಗೇ ಬೀಳುವುದಿಲ್ಲ. ಹೆಸರನ್ನಷ್ಟೇ ನೆಚ್ಚಿಕೊಳ್ಳಲೂ ಆಗದು. ಬಡವರಿಗಾಗಿ ರಾಜ್ಯ ಸರ್ಕಾರ ತಂದ ಆರೋಗ್ಯ ವಿಮೆಯಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಗೆ ಬಂದದ್ದು ನಮ್ಮ ಕಲಬುರಗಿ ವಿಭಾಗದಲ್ಲಿ. ಯೋಜನೆ ತಲುಪಿದ ಮತ್ತು ತಲುಪದ ಹಳ್ಳಿಗಳನ್ನು ಹೋಲಿಸಿ ಅದರ ಪರಿಣಾಮ ಅಳೆದ ಪ್ರಬಂಧ 2014ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರ ಶೀರ್ಷಿಕೆಯಲ್ಲಿ ಗುಲ್ಬರ್ಗಾ ಇರಲಿ, ಕರ್ನಾಟಕದ ಹೆಸರೂ ಇಲ್ಲ. ಇಂಥವು ಸಿಗುವುದು ಒಂದು ಒಳ್ಳೆಯ ಪ್ರಬಂಧ ಹಿಡಿದು, ಅದು ಯಾರನ್ನು ಉಲ್ಲೇಖಿಸಿದೆ, ಅದನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ಹಿಂದಕ್ಕೂ ಮುಂದಕ್ಕೂ ಹೆಜ್ಜೆ ಹಾಕಿದಾಗ.

ರಕ್ತಹೀನತೆಯ ಪ್ರಮಾಣಕ್ಕೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಪಟ್ಟಿಯನ್ನು ನೋಡಬೇಕು, ಆದರೆ ಎರಡು ಎಚ್ಚರಗಳೊಂದಿಗೆ. ಒಂದು, ಜಿಲ್ಲೆಯಲ್ಲಿ ಸಮೀಕ್ಷೆಗೆ ಸಿಕ್ಕ ಗರ್ಭಿಣಿಯರ ಸಂಖ್ಯೆ ಚಿಕ್ಕದು. ಆವರಣದೊಳಗೆ ಅಚ್ಚಾದ ಅಂಕಿ ಐವತ್ತಕ್ಕೂ ಕಡಿಮೆ ಮಂದಿಯನ್ನು ಆಧರಿಸಿದೆ ಎಂದರ್ಥ. ಇನ್ನೊಂದು, ಅಲ್ಲಿ ರಕ್ತ ತೆಗೆದದ್ದು ಬೆರಳು ಚುಚ್ಚಿ. ರಕ್ತನಾಳದಿಂದ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಅಂಕಿಯ ಜೊತೆಗೆ ಅದನ್ನು ಹಾಗೇ ಬೆರೆಸುವಂತಿಲ್ಲ. ಹಿಮೋಗ್ಲೋಬಿನ್ ಎಷ್ಟಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂಬ ಮಿತಿಯನ್ನೂ ಗಮನಿಸಿ: ಗರ್ಭಿಣಿಯರಿಗೆ ಡೆಸಿಲೀಟರಿಗೆ 11 ಗ್ರಾಂ ಎಂಬ ಹಳೆಯ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎರಡನೆಯ ತ್ರೈಮಾಸಿಕಕ್ಕೆ 10.5ಕ್ಕೆ ಇಳಿಸಿದೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರ್ ಮತ್ತು ತಾಯಿ ಕಾರ್ಡ್ ಕೂಡ ಆಧಾರಗಳೇ. ಜಿಲ್ಲಾ ಆರೋಗ್ಯಾಧಿಕಾರಿಗಳ ಅನುಮತಿ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಪಡೆದು ನೋಡಬಹುದು. ಯಾದಗಿರಿ ಕಡೆಯ ಒಂದು ಕೇಂದ್ರದಲ್ಲಿ ನಾನು ಹಿಮೋಗ್ಲೋಬಿನ್ ಕಾಲಮ್ಮಿನ ಮೇಲೆ ಬೆರಳಿಟ್ಟು ಕೆಳಗಿಳಿಸುತ್ತ ಹೋದಾಗ 10, 10, 9, 10, 10, 9 ಎಂದೇ ಇತ್ತು. ದಶಾಂಶ ಇಡೀ ಪುಟದಲ್ಲಿ ಎರಡೇ ಕಡೆ. ನಿಜವಾದ ಅಳತೆಗಳು ಹೀಗೆ ಗುಂಡಂಕಿಗೆ ಬಂದು ಕೂರುವುದಿಲ್ಲ. ಮಧ್ಯಮ ರಕ್ತಹೀನತೆ ಎಂದರೆ 10ಕ್ಕಿಂತ ಕಡಿಮೆ; 9.8 ಇದ್ದವಳನ್ನು 10 ಎಂದು ಬರೆದರೆ ಅವಳು ಮಧ್ಯಮ ರಕ್ತಹೀನತೆಯ ಪಟ್ಟಿಯಿಂದಲೇ ಹೊರಗೆ ಬೀಳುತ್ತಾಳೆ, ನಮ್ಮ ಮಾದರಿ ಅವಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದ್ದರಿಂದ ಯಾವುದೇ ದಾಖಲೆಯ ಸರಾಸರಿ ತೆಗೆಯುವ ಮೊದಲು ಬಿಡಿ ಅಂಕಿಗಳು ಹೇಗೆ ಹರಡಿವೆ ಎಂದು ಕಣ್ಣಾರೆ ನೋಡಿ.

ಜೀವನ ಗುಣಮಟ್ಟದ ಅಂಕಕ್ಕೆ, ಆರೋಗ್ಯ ಸ್ಥಿತಿಯನ್ನು ಅಳೆಯುವ ಇಕ್ಯೂ-5ಡಿ-5ಎಲ್ ಪ್ರಶ್ನಾವಳಿಯ ಉತ್ತರಗಳನ್ನು ಅಂಕವಾಗಿಸುವ ಭಾರತೀಯ ಮೌಲ್ಯಪಟ್ಟಿ 2022ರಿಂದ ಲಭ್ಯವಿದೆ. ಇನ್ನು ಬೇರೆ ದೇಶದ ಪಟ್ಟಿ ಬಳಸುವುದಕ್ಕೆ ನೆಪವಿಲ್ಲ. ಜಾಗತಿಕ ರೋಗಭಾರ ಅಧ್ಯಯನವು ಮಧ್ಯಮ ರಕ್ತಹೀನತೆಗೆ 0.052, ತೀವ್ರ ರಕ್ತಹೀನತೆಗೆ 0.149 ಎಂಬ ಅಂಗವೈಕಲ್ಯ ತೂಕ (ಸೊನ್ನೆ ಎಂದರೆ ಪೂರ್ಣ ಆರೋಗ್ಯ, ಒಂದು ಎಂದರೆ ಸಾವಿಗೆ ಸಮ) ಕೊಟ್ಟಿದೆ. ಅದು ಬೇರೆಯೇ ಅಳತೆಗೋಲು, ಒಂದರಿಂದ ಕಳೆದು ಜೀವನ ಗುಣಮಟ್ಟದ ಅಂಕವೆಂದು ಬಳಸುವುದು ತಪ್ಪು. ಈ ವಿಷಯದಲ್ಲಿ ನಾನೇ ಎಡವಿದ್ದೇನೆ. ಇತ್ತೀಚಿನ ಪ್ರಬಂಧವೊಂದರ ಅಂಕವನ್ನು ನಂಬಿ ಮಾದರಿಗೆ ಹಾಕಿದ್ದೆ. ಅನುಮಾನ ಬಂದು ಉಲ್ಲೇಖದ ಎಳೆ ಹಿಡಿದು ಹೋದರೆ ಎರಡನೆಯ ಪ್ರಬಂಧ, ಅಲ್ಲಿಂದ ಮೂರನೆಯದು, ಅಲ್ಲಿಯ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಲೇಖಕರ ಊಹೆ’ ಎಂದಿತ್ತು. ಮೂರು ಕೈ ದಾಟುವಷ್ಟರಲ್ಲಿ ಊಹೆಯೇ ಸಾಕ್ಷ್ಯವಾಗಿತ್ತು. ಮೂಲ ತಲುಪದ ಅಂಕಿಯನ್ನು ಅಂದಿನಿಂದ ನಾನು ಮಾದರಿಯ ಹತ್ತಿರ ಬಿಟ್ಟುಕೊಂಡಿಲ್ಲ.

ಖರ್ಚಿನ ವಿಷಯದಲ್ಲಿ ಬೆಲೆ, ದರ, ವೆಚ್ಚ ಮೂರೂ ಬೇರೆ. ಆಯುಷ್ಮಾನ್ ಯೋಜನೆಯ ಪ್ಯಾಕೇಜ್ ದರವು ಸರ್ಕಾರ ಆಸ್ಪತ್ರೆಗೆ ಕೊಡುವ ಹಣ. ಸೇವೆಗೆ ನಿಜಕ್ಕೂ ತಗುಲುವ ವೆಚ್ಚವಲ್ಲ. ವೆಚ್ಚಕ್ಕೆ ಚಂಡೀಗಢದ ಪಿಜಿಐ ಸಂಸ್ಥೆಯ ರಾಷ್ಟ್ರೀಯ ವೆಚ್ಚ ದತ್ತಾಂಶವನ್ನೂ, ಔಷಧಕ್ಕೆ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಖರೀದಿ ದರವನ್ನೂ ನೋಡಿ. ಮನೆಯವರ ಖರ್ಚನ್ನು ಮಾತ್ರ ಇಲ್ಲಿಯೇ ಕೇಳಿ ತಿಳಿಯಬೇಕು. ಬೀದರಿನವರು ಹೈದರಾಬಾದಿಗೆ, ಕಲಬುರಗಿಯವರು ಸೊಲ್ಲಾಪುರಕ್ಕೆ ಹೋಗುವುದು ವಾಡಿಕೆ. ರಾಜ್ಯದೊಳಗಿನ ಲೆಕ್ಕವಷ್ಟೇ ಹಿಡಿದರೆ ಆ ಖರ್ಚು ಮಾಯವಾಗುತ್ತದೆ. ಕಳೆದುಹೋದ ಕೂಲಿಗೆ ಆಯಾ ವರ್ಷದ ಉದ್ಯೋಗ ಖಾತರಿ ದರವನ್ನು (2024-25ರಲ್ಲಿ 349 ರೂಪಾಯಿ ಇತ್ತು) ಹಿಡಿಯಬಹುದು, ಆದರೆ ತೊಗರಿ ರಾಶಿಯ ದಿನಗಳಲ್ಲಿ ಸಿಗುವ ಕೂಲಿ ಬೇರೆ. ಯಾವುದನ್ನು ಹಿಡಿದಿರಿ, ಏಕೆ ಹಿಡಿದಿರಿ ಎಂಬುದನ್ನು ಬರೆದಿಡಿ.

ಎಲ್ಲಿ ನಿಲ್ಲಿಸಬೇಕು ಎಂದು ಎಲ್ಲರೂ ಕೇಳುತ್ತಾರೆ. ಸಿಕ್ಕ ಅಂಕಿ ಕನಿಷ್ಠ ಎಷ್ಟಿರಬಹುದು, ಗರಿಷ್ಠ ಎಷ್ಟಿರಬಹುದು ಎಂಬೆರಡನ್ನೂ ಮಾದರಿಯಲ್ಲಿ ಹಾಕಿ ನೋಡಿ. ತೀರ್ಮಾನ ಅಲುಗದಿದ್ದರೆ ಅಲ್ಲಿಗೆ ಬಿಡಿ, ಅಲುಗಿದರೆ ಉಳಿದ ಸಮಯವನ್ನೆಲ್ಲ ಆ ಒಂದು ಅಂಕಿಗೇ ಕೊಡಿ. ಪ್ರತಿ ಅಂಕಿಯ ಮುಂದೆ ಹುಡುಕಿದ ದಿನಾಂಕ, ಹುಡುಕಿದ ತಾಣ, ಬಳಸಿದ ಪದಗಳು, ಕೈಬಿಟ್ಟ ಅಂಕಿಗಳು ಮತ್ತು ಕೈಬಿಟ್ಟ ಕಾರಣ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಅಂದಂದೇ ಬರೆಯಿರಿ. ಎರಡು ತಿಂಗಳಾದ ಮೇಲೆ ನೆನಪಿನಿಂದ ಬರೆದದ್ದನ್ನು ಪರಿಶೀಲಿಸುವವರ ಮುಂದಿಡಲು ಬರುವುದಿಲ್ಲ.